ರಸೂಲ್ ಸಾಬರ ಸರದಿ

1981ನೇ ಇಸವಿ ಡಿಸೆಂಬರ್ ಮೂರನೇ ತಾರೀಖು, ಗುರುವಾರ, ಬೆಳಿಗ್ಗೆ ಒಂಬತ್ತೂವರೆಗೆ ಶೆಟ್ಟಿಹಳ್ಳಿಯ ರಾಮಕೃಷ್ಣಪ್ಪ ಯಶವಂತಪುರದ ಪೊಲೀಸ್ ಠಾಣೆಗೆ ಬಂದು, ತನ್ನ ಮನೆಯಲ್ಲಿ ಕಳ್ಳತನವಾಗಿದೆ ಎಂದು ದೂರು ಕೊಟ್ಟ. ಅಪ್ಪನ ಕಾಲದ ರಾಗಿ ಹೊಲವನ್ನು ಸೈಟು ಮಾಡಿ ಮಾರಿ, ಈಗ ಊರವರಿಗೆಲ್ಲ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರ್ ಆಗಿದ್ದ ಆಸಾಮಿ. ಬಿಳಿ ಸಫಾರಿ ತೊಟ್ಟು, ಮುಖ ಊದಿಸಿಕೊಂಡು ಬಂದಿದ್ದ.

ಹೆಡ್ ಕಾನ್‌ಸ್ಟೇಬಲ್ ಪಿಳ್ಳಪ್ಪ ಕಾಗದ ಮುಂದೆ ಎಳೆದುಕೊಂಡ.

"ಏನ್ ಓಗೈತೆ?"

"ಚಾಕು. ಜೇಬಲ್ಲಿ ಇಟ್ಕೊಳೋ ಮಡಿಸೋ ಚಾಕು."

"ಎಷ್ಟರದು?"

"ಎಂಟ್ನೂರು ರೂಪಾಯಿ."

ಪಿಳ್ಳಪ್ಪನ ಪೆನ್ನು ನಿಂತಿತು. ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. "ಚಿನ್ನದ ಇಡಿ ಏನಾದ್ರೂ ಐತಾ ಅದಕ್ಕೆ?"

"ರಸೂಲ್ ಸಾಬ್ರ ಚಾಕು ಕಣ್ರೀ."

ಆಗ ಪಿಳ್ಳಪ್ಪ ಎಂಟುನೂರು ಎಂದೇ ಬರೆದುಕೊಂಡ. ಒಳಗಿನ ಕೋಣೆಯಲ್ಲಿ ಕೂತಿದ್ದ ಇನ್ಸ್‌ಪೆಕ್ಟರ್ ವೆಂಕಟರಾಮಯ್ಯನಿಗೂ ಆ ಹೆಸರು ಕೇಳಿಸಿತು. ಅವನು ಆ ಹೊತ್ತಿನಲ್ಲಿ ಸೀಬೆಹಣ್ಣು ಹೆಚ್ಚುತ್ತಿದ್ದ. ಹೆಚ್ಚುತ್ತಿದ್ದದ್ದು ರಸೂಲ್ ಸಾಬರದೇ ಇನ್ನೊಂದು ಚಾಕುವಿನಿಂದ.

ಈ ಚಾಕುವಿನ ವಿಷಯ ಉತ್ತರ ಬೆಂಗಳೂರಿನಲ್ಲಿ ಗೊತ್ತಿಲ್ಲದವರು ಕಡಿಮೆ. ಯಶವಂತಪುರದ ಗೂಡ್ಸ್ ಶೆಡ್ಡಿನ ಹಿಂದಿನ ಗಲ್ಲಿಯಲ್ಲಿ ಗುಲಾಮ್ ರಸೂಲ್ ಎಂಬ ಮುದುಕ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯನ್ನು ಕಾಸಿ, ಬಡಿದು, ಹದ ಹಾಕಿ, ಎಮ್ಮೆ ಕೊಂಬಿನ ಹಿಡಿ ಕೂರಿಸಿ ಮಾಡುತ್ತಿದ್ದ ಚಾಕು. ತಿಂಗಳಿಗೆ ಎರಡು ಆದರೆ ಹೆಚ್ಚು. ಬೆಲೆ ಅರವತ್ತೈದು ರೂಪಾಯಿ, ಹತ್ತು ವರ್ಷದಿಂದ ಅಷ್ಟೇ. ಬೇಕಾದವರು ಬಯಾನಾ ಎಂದು ಪೂರ್ತಿ ಹಣ ಮುಂಗಡವಾಗಿ ಕೊಟ್ಟು ಹೆಸರು ಹೇಳಬೇಕು. ಹೆಸರು ಸಾಬರ ಬಾಯಲ್ಲೇ ಇರುತ್ತದೆ, ಸರದಿ ಬಂದಾಗ ಹೇಳಿ ಕಳಿಸುತ್ತಾರೆ. ಸ್ಕೂಟರಿಗೆ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿದ್ದ ಜನಕ್ಕೆ ಕಾಯುವುದು ಹೊಸದಲ್ಲ. ಆದರೆ ಸ್ಕೂಟರಿಗೆ ಬ್ಲ್ಯಾಕ್ ಇರುವ ಹಾಗೆ ಇದಕ್ಕೂ ಬ್ಲ್ಯಾಕ್ ಹುಟ್ಟಿಕೊಂಡಿತ್ತು. ಆರ್.ಟಿ. ನಗರದಲ್ಲಿ ಫಾರಿನ್ ಟೇಪ್ ರೆಕಾರ್ಡರ್ ಮಾರುವ ಸರ್ದಾರ್ ಎಂಬವನ ಹತ್ತಿರ ಏಳು ನೂರಕ್ಕೋ ಎಂಟು ನೂರಕ್ಕೋ ಸಿಗುತ್ತಿತ್ತು.

ವೆಂಕಟರಾಮಯ್ಯ ಮಾತ್ರ ನೆಟ್ಟಗೆ ಸರದಿಯಲ್ಲಿ ನಿಂತು ಎರಡು ವರ್ಷ ಕಾದಿದ್ದ. ನವೆಂಬರಿನಲ್ಲಿ ಕೈಗೆ ಬಂದಿತ್ತು. ಅಂದಿನಿಂದ ಠಾಣೆಯಲ್ಲಿ ಹಣ್ಣಿನ ಖರ್ಚು ಜಾಸ್ತಿಯಾಗಿದೆ ಎಂದು ಪೇದೆಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

"ಎಲ್ಲಿಟ್ಟಿದ್ರಿ?" ಎಂದು ಕೇಳುತ್ತ ಅವನು ಹೊರಗೆ ಬಂದ.

"ಹಾಲಿನ ಶೋಕೇಸಲ್ಲಿ ಸಾರ್, ಚರ್ಮದ ಪೌಚಲ್ಲಿ. ನಿನ್ನೆ ಸಂಜೆ ನಮ್ಮ ಬೀಗರು ಬಂದಿದ್ರು, ತೋರ್ಸಾಣ ಅಂತ ಪೌಚ್ ಬಿಚ್ಚಿದ್ರೆ ಚಾಕು ಇಲ್ಲ. ಇದಿತ್ತು."

ರಾಮಕೃಷ್ಣಪ್ಪ ಪೌಚನ್ನು ಮೇಜಿನ ಮೇಲೆ ಬೋರಲು ಹಾಕಿದ. ಐವತ್ತರ ಒಂದು ನೋಟು, ಒಂದೊಂದು ರೂಪಾಯಿಯ ಹದಿನೈದು ನಾಣ್ಯ. ಒಟ್ಟು ಅರವತ್ತೈದು.

ಪಿಳ್ಳಪ್ಪ ಕಣ್ಣುಕಣ್ಣು ಬಿಟ್ಟ. "ಸಾರ್, ಇದು ಕಳ್ಳತನಾನಾ, ವ್ಯಾಪಾರಾನಾ?"

ವೆಂಕಟರಾಮಯ್ಯನಿಗೂ ತಲೆಬುಡ ತಿಳಿಯಲಿಲ್ಲ. ಒಡೆಯನ ಒಪ್ಪಿಗೆಯಿಲ್ಲದೆ ಒಯ್ದರೆ ಕಳವೇ ಸರಿ, ಕಾನೂನಿನಲ್ಲಿ ಅನುಮಾನವಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಸರ್ವಿಸ್ಸಿನಲ್ಲಿ, ತಾನು ಕದ್ದದ್ದಕ್ಕೆ ದುಡ್ಡು ಕಟ್ಟಿ ಹೋದ ಕಳ್ಳನನ್ನು ಅವನು ಕಂಡಿರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಇನ್ಯಾರ್ ಮೇಲೆ? ಆ ಸಾಬ್ರ ಮೇಲೇ. ತನ್ನ ಮಾಲು ತಾನೇ ಎತ್ಕೊಂಡು, ತನ್ನ ರೇಟು ಬಿಸಾಕವ್ನೆ. ಬರ್ಕೊಳ್ಳಿ ಅವ್ನ ಹೆಸರು."

"ಸಾಕ್ಷಿ ಇಲ್ದೆ ಆ ಮನುಷ್ಯನ ಹೆಸರು ಬರೆಯೋದಿಲ್ಲ," ಎಂದ ವೆಂಕಟರಾಮಯ್ಯ ಗಡುಸಾಗಿ. ಎಪ್ಪತ್ತರ ಹತ್ತಿರದ ಮುದುಕ. ಒಂದು ರೂಪಾಯಿ ಹೆಚ್ಚು ತೆಗೆದುಕೊಂಡವರಲ್ಲ, ಮಂತ್ರಿಯ ಕಡೆಯವರು ಬಂದರೂ ಸರದಿ ತಪ್ಪಿಸಿದವರಲ್ಲ. ಅಂಥವರ ಹೆಸರು ಕಳ್ಳತನದ ಕಾಗದದಲ್ಲಿ ಬಂದರೆ ಉಳಿದ ಬಾಳಿಗೆ ಏನು ಬೆಲೆ? ಈ ಕೇಸಿನಲ್ಲಿ ಏನು ಆದರೂ ಆಗಲಿ, ಆ ಹೆಸರಿಗೆ ಮಸಿ ಹತ್ತಬಾರದು ಎಂದು ಅವನು ಆಗಲೇ ಮನಸ್ಸಿನಲ್ಲಿ ಪಣ ತೊಟ್ಟುಬಿಟ್ಟಿದ್ದ. ತನಿಖೆ ಮಾಡುವವನಿಗೆ ಅದು ಒಳ್ಳೆಯದಲ್ಲ ಎಂಬುದೂ ಗೊತ್ತಿತ್ತು.

ಭಾರತೀಯ ದಂಡ ಸಂಹಿತೆ 380, ವಾಸದ ಮನೆಯಲ್ಲಿ ಕಳವು. ಎಫ್.ಐ.ಆರ್. ದಾಖಲಾಯಿತು. ಆರೋಪಿ: ಅಪರಿಚಿತ.

ಮಧ್ಯಾಹ್ನ ಶೆಟ್ಟಿಹಳ್ಳಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಶೋಕೇಸಿನ ಬೀಗ ಒಡೆದಿಲ್ಲ, ಕಿಟಕಿ ಸರಳು ಬಾಗಿಲ್ಲ, ಪಕ್ಕದಲ್ಲೇ ಇದ್ದ ಬೆಳ್ಳಿ ಕುಂಕುಮ ಭರಣಿ ಹಾಗೇ ಇದೆ. ರಾಮಕೃಷ್ಣಪ್ಪನ ಹೆಂಡತಿ ಸೊಣ್ಣಮ್ಮ ಬಾಗಿಲ ಪಕ್ಕ ನಿಂತು ಉತ್ತರ ಹೇಳಿದಳು.

"ಈಚೆಗೆ ಹೊರಗಿನವರು ಯಾರಾದ್ರೂ ಒಳಗೆ ಬಂದಿದ್ರಾ?"

"ಸುಣ್ಣ ಬಣ್ಣ ಒಡಿಯೋರು ಇಬ್ರು ಬಂದಿದ್ರು ಸಾರ್, ಮಂಗಳವಾರ."

"ಮತ್ತೆ?"

"ಒರಗಿನೋರು ಇನ್ಯಾರೂ ಬರಲಿಲ್ಲ."

ಬಣ್ಣದವರಿಬ್ಬರನ್ನು ಬಾಗಲಗುಂಟೆಯಿಂದ ಕರೆತಂದರು. ಎರಡು ದಿನ ಕೂರಿಸಿಕೊಂಡು ಕೇಳಿದ್ದೇ ಬಂತು. ಅವರ ಜೇಬಿನಲ್ಲಿ ಅರವತ್ತೈದು ರೂಪಾಯಿ ಒಟ್ಟಿಗೆ ಇದ್ದ ದಿನವೇ ಇರಲಿಲ್ಲ. "ಅಷ್ಟ್ ದುಡ್ಡಿದ್ರೆ ನಾವ್ಯಾಕ್ ಸಾರ್ ಬಿಟ್ಟೋಯ್ತೀವಿ?" ಎಂದು ಒಬ್ಬ ಕೇಳಿದ. ಇಬ್ಬರನ್ನೂ ಟೀ ಕುಡಿಸಿ ಕಳಿಸಿದರು.

ಏಳನೇ ತಾರೀಖು ಸೋಮವಾರ ವಿದ್ಯಾರಣ್ಯಪುರದಿಂದ ನೀಲಕ್ಕ ಎಂಬ ಮೇಷ್ಟರ ಹೆಂಡತಿ ಬಂದಳು. ಮಿಲಿಟರಿಯಲ್ಲಿರುವ ತಮ್ಮನಿಗೆ ಕೊಡಬೇಕೆಂದು ಸರ್ದಾರನ ಹತ್ತಿರ ಏಳು ನೂರು ಕೊಟ್ಟು ತಂದಿಟ್ಟಿದ್ದ ಚಾಕು. ತಮ್ಮ ರಜದ ಮೇಲೆ ಬಂದ, ಬೀರು ತೆಗೆದು ಪೌಚು ಬಿಚ್ಚಿದರೆ ಐವತ್ತರ ನೋಟು, ಹದಿನೈದು ನಾಣ್ಯ.

ಇಬ್ಬರೂ ತಂದದ್ದು ಸರ್ದಾರನ ಕಡೆಯಿಂದ. ವೆಂಕಟರಾಮಯ್ಯನಿಗೆ ಸ್ವಲ್ಪ ಉಸಿರು ಬಂದಂತಾಯಿತು. ಮಾರಿದವನೇ ಕದ್ದು ತರಿಸಿ ಇನ್ನೊಬ್ಬರಿಗೆ ಮಾರುತ್ತಿರಬೇಕು. ಅದೇ ಸಂಜೆ ಸರ್ದಾರನನ್ನು ಠಾಣೆಗೆ ಕರೆಸಿದ. ಸೆಂಟು ಹಾಕಿಕೊಂಡು, ಕನ್ನಡಕ ತಲೆಗೇರಿಸಿಕೊಂಡು ಬಂದ ಅವನಿಗೆ ಹೆದರಿಕೆಯೇನೂ ಕಾಣಲಿಲ್ಲ.

"ಸಾಬ್ರ ಚಾಕು ನಿನಗೆ ಹೇಗೆ ಸಿಗುತ್ತೆ?"

"ಸರದೀಲೇ ಸಾರ್. ನನ್ನ ಭಾಮೈದನ ಹೆಸರು, ಅವನ ಷಡ್ಡಕನ ಹೆಸರು, ಅಂಗಡಿ ಹುಡುಗರ ಹೆಸರು ಹೇಳಿಸಿದ್ದೆ. ಅವರು ಎತ್ಕೊಂಡ್ ಬರ್ತಾರೆ, ನಾನು ಮಾರ್ತೀನಿ. ಕಾಯೋಕೆ ಆಗ್ದೋರು ಕೊಡ್ತಾರೆ. ತಪ್ಪಾ?"

"ತಪ್ಪೇನು ಅಂತ ಆಮೇಲೆ ನೋಡೋಣ. ಮಾರಿದ್ದನ್ನ ವಾಪಸ್ ಕದಿಸಿದ್ಯಾ?"

ಸರ್ದಾರ್ ನಕ್ಕುಬಿಟ್ಟ. "ಗುರುಗಳೇ, ಕದ್ದಿದ್ರೆ ಅಲ್ಲಿ ಅರವತ್ತೈದು ರೂಪಾಯಿ ಇಟ್ಟು ಬರ್ತಿದ್ನಾ? ನನ್ನ ಬಗ್ಗೆ ಆರ್.ಟಿ. ನಗರದಲ್ಲಿ ಯಾರನ್ನಾದ್ರೂ ಕೇಳಿ. ಅರವತ್ತೈದು ಪೈಸೆ ಎಲ್ಲೂ ಬಿಟ್ಟೋನಲ್ಲ."

ಅದು ನಿಜವೆಂದು ಪಿಳ್ಳಪ್ಪನೂ ಒಪ್ಪಿದ. ಸರ್ದಾರನಿಂದ ಈ ಕಡೆಯಲ್ಲಿ ಚಾಕು ಕೊಂಡವರು ಒಟ್ಟು ನಾಲ್ವರು ಎಂಬುದು ಬಿಟ್ಟರೆ ಮತ್ತೇನೂ ಸಿಗಲಿಲ್ಲ. ಉಳಿದಿಬ್ಬರು ದೂರು ಕೊಟ್ಟಿರಲಿಲ್ಲ. ಅವರ ಮನೆ ಬಾಗಿಲು ತಟ್ಟಿದಾಗ, "ನಮ್ಮದು ಭದ್ರವಾಗಿದೆ ಸಾರ್, ಟ್ರಂಕಿನಲ್ಲಿದೆ," ಎಂದರು. ತೆಗೆದು ತೋರಿಸಿ ಎಂದು ಪಿಳ್ಳಪ್ಪ ಹಟ ಹಿಡಿದ. ಪೌಚು ಬಿಚ್ಚಿದರೆ ಎರಡರಲ್ಲೂ ನೋಟು, ನಾಣ್ಯ. ಒಬ್ಬ ಮನೆಯೊಡೆಯ ಅಲ್ಲೇ ಕುರ್ಚಿಯ ಮೇಲೆ ಕುಸಿದ. ತಮ್ಮ ಮನೆಯಲ್ಲಿ ಕಳವಾಗಿದೆ ಎಂದು ಪೊಲೀಸರಿಂದ ತಿಳಿದುಕೊಳ್ಳುವ ಗತಿ ಯಾರಿಗೂ ಬರಬಾರದು.

ಆ ರಾತ್ರಿ ಊಟಕ್ಕೆ ಕೂತರೂ ವೆಂಕಟರಾಮಯ್ಯನಿಗೆ ಅದೇ ಯೋಚನೆ. ಕಳವು ಆದದ್ದು ಯಾವತ್ತು? ಪೌಚು ಬಿಚ್ಚಿದ ದಿನವನ್ನೇ ಕಳವಿನ ದಿನವೆಂದು ತಿಳಿದು ಬಣ್ಣದವರ ಬೆನ್ನು ಹತ್ತಿದ್ದೆವು. ತಿಂಗಳ ಹಿಂದೆಯೇ ಆಗಿರಬಹುದಲ್ಲ? ಇನ್ನೊಂದು, ಐವತ್ತು ನೋಟಿನಲ್ಲಿ ಕೊಟ್ಟವನು ಉಳಿದ ಹದಿನೈದನ್ನು ಚಿಲ್ಲರೆಯಲ್ಲಿ ಯಾಕೆ ಕೊಟ್ಟ? ಒಂದು ಮನೆಯಲ್ಲಾದರೆ ಸರಿ, ನಾಲ್ಕರಲ್ಲೂ?

ಮಾರನೆಯ ದಿನ ಠಾಣೆಯಲ್ಲಿ ನಾಣ್ಯಗಳನ್ನು ಪೌಚಿಗೆ ತುಂಬಿ ಅಂಗೈಯಲ್ಲಿ ಆಡಿಸುತ್ತ ಕೂತಿದ್ದವನು ಥಟ್ಟನೆ ತನ್ನ ಚಾಕು ತೆಗೆದು ಪಿಳ್ಳಪ್ಪನ ಮುಂದೆ ಮೇಜಿನ ಮೇಲಿಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಎಂದು ಇಬ್ಬರ ಮನೆಯಲ್ಲೂ ಕಲಿಸಿದ್ದರು.

"ಒಂದು ಕೈಲಿ ಇದು, ಒಂದು ಕೈಲಿ ಪೌಚು. ಯಾವುದು ಭಾರ ಹೇಳಿ."

ಪಿಳ್ಳಪ್ಪ ತರಕಾರಿ ತೂಗುವವನಂತೆ ಎರಡನ್ನೂ ಎತ್ತಿ ಇಳಿಸಿದ. "ಎಚ್ಚೂಕಮ್ಮಿ ಒಂದೇ ಸಾರ್."

"ಕದ್ದು ಓಡಿಹೋಗೋನಿಗೆ ತೂಕದ ಉಸಾಬರಿ ಯಾಕ್ರೀ? ಖಾಲಿ ಪೌಚು ಬಿಸಾಕಿ ಹೋಗ್ತಿದ್ದ. ಈ ಕಳ್ಳ ಪೌಚನ್ನ ಮನೆಯವರಿಗೇ ವಾಪಸ್ ಕೊಟ್ಟಿದಾನೆ. ಅವರು ಎತ್ತಿದಾಗ ಹಗುರ ಅನ್ನಿಸಬಾರದು, ಅದಕ್ಕೆ."

"ಅಂಗಾದ್ರೆ ಮನೆಯೋರಿಗೆ ಕಳ್ಳ ಯಾರು ಅಂತ ಗೊತ್ತಲ್ಲ ಸಾರ್!"

"ಗೊತ್ತು. ಆದರೆ ಅವರ ಲೆಕ್ಕದಲ್ಲಿ ಅವನು ಹೊರಗಿನವನಲ್ಲ."

ಜೀಪು ಮತ್ತೆ ಶೆಟ್ಟಿಹಳ್ಳಿಗೆ ಹೋಯಿತು. ರಾಮಕೃಷ್ಣಪ್ಪ ಸೈಟಿನ ಕಡೆ ಹೋಗಿದ್ದ. ಸೊಣ್ಣಮ್ಮ ಇಬ್ಬರನ್ನೂ ಜಗಲಿಯಲ್ಲಿ ಕೂರಿಸಿ, ಹಿತ್ತಲಿನ ಎರಡು ಪರಂಗಿಹಣ್ಣು ತಂದಿಟ್ಟು, ಹೆಚ್ಚಲು ಮಚ್ಚು ತರುತ್ತೇನೆಂದು ತಿರುಗಿದಳು. "ಇರಲಿ ಬಿಡಮ್ಮ," ಎಂದು ವೆಂಕಟರಾಮಯ್ಯ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಚಾಕು ತೆಗೆದ.

ಸೊಣ್ಣಮ್ಮ ಬಾಗಿ ನೋಡಿದಳು. ಇನ್ನೂ ಬಾಗಿ ನೋಡಿದಳು.

"ಸಿಕ್ಬುಡ್ತಾ ಸಾರ್?"

"ಏನು?"

"ನಮ್ಮ ಚಾಕು. ಇದು ನಮ್ದೇ ಅಲ್ವಾ?"

ಪಿಳ್ಳಪ್ಪ ಕೆಮ್ಮಿದ. ವೆಂಕಟರಾಮಯ್ಯ ನಗಲು ಹೋದ. "ಇಲ್ಲಮ್ಮ, ಇದು ನಂದು. ಸಾಬ್ರ ಚಾಕು ಎಲ್ಲಾ ಒಂದೇ ಥರ ಇರ್ತಾವೆ."

"ಆಯುಧಪೂಜೆ ದಿವ್ಸ ನಾನೇ ಕುಂಕುಮ ಇಕ್ಕಿದ್ದು ಸಾರ್. ಜಾಸ್ತಿ ಬಿದ್ದು ಕೀಲಿನ ಸಂದೀಗೆ ಓಯ್ತು. ಒರೆಸಿದ್ರೂ ಬರಲಿಲ್ಲ ಅಂತ ನಮ್ಮನೆಯೋರು ಬೈದಿದ್ರು. ಅಗೋ, ಅಲ್ಲೇ ಐತೆ ನೋಡಿ."

ವೆಂಕಟರಾಮಯ್ಯ ಚಾಕುವನ್ನು ಬಿಸಿಲಿಗೆ ಹಿಡಿದ. ಅಲಗು ಹಿಡಿಯೊಳಗೆ ಮಡಿಯುವ ಕೀಲಿನ ಸಂದಿಯಲ್ಲಿ ಕೆಂಪಗೆ ಒಂದು ಗೆರೆ. ತಿಂಗಳಿಂದ ದಿನಾ ನೋಡುತ್ತಿದ್ದ ಗೆರೆಯೇ. ತುಕ್ಕು ಇರಬೇಕು, ಸಾಬರಿಗೂ ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದ. ಬೆರಳ ತುದಿಯಿಂದ ಉಜ್ಜಿ ಮೂಸಿದ. ಕುಂಕುಮವೇ. ಗುಲಾಮ್ ರಸೂಲರ ಮನೆಯಲ್ಲಿ ಹೊಸ ಚಾಕುವಿಗೆ ಕುಂಕುಮ ಹಚ್ಚುವವರು ಯಾರು?

ಕಳವಿನ ಮಾಲು ಠಾಣೆಯಲ್ಲೇ, ತನಿಖಾಧಿಕಾರಿಯ ಜೇಬಿನಲ್ಲೇ ಸೀಬೆಹಣ್ಣು ಹೆಚ್ಚಿಕೊಂಡು ಇತ್ತು. ಅವಮಾನವೇ ಸರಿ. ಅದಕ್ಕಿಂತ ಕೆಟ್ಟದ್ದೆಂದರೆ, ಈ ಚಾಕುವನ್ನು ಅವನು ಎತ್ತಿಕೊಂಡದ್ದು ರಸೂಲ್ ಸಾಬರ ಎದುರಿಗಿದ್ದ ಮಣೆಯ ಮೇಲಿಂದ.

"ಸೊಣ್ಣಮ್ಮ, ನೆನಪು ಮಾಡ್ಕೊಂಡು ಹೇಳಿ. ಆಯುಧಪೂಜೆ ಆದಮೇಲೆ ಈ ಪೌಚನ್ನ ಯಾರಾದ್ರೂ ಕೈಲಿ ಹಿಡಿದಿದ್ರಾ? ಹೊರಗಿನವರೇ ಆಗಬೇಕಿಲ್ಲ."

"ದೀಪಾವಳಿ ಆದ್ಮೇಲೆ ಸಾಬ್ರ ಮನೆಯಮ್ಮ ಬಂದಿದ್ರು, ಕೀಲಿಗೆ ಎಣ್ಣೆ ಆಕಕ್ಕೆ. ವರ್ಷಕ್ಕೊಂದ್ಸಲ ಬತ್ತಾರಂತಲ್ಲ, ಮಾಡ್ದೋರ ಮನೆಯೋರೇ. ನಾನು ಚಾಕು ಜಗಲಿ ಮೇಲಿಟ್ಟು, ಅವರಿಗೆ ಕಾಫಿ ತರಕ್ಕೆ ಒಳೀಕೋದೆ. ಬರೋದ್ರೊಳಗೆ ಎಣ್ಣೆ ಆಕಿ, ಪೌಚ್ ಗುಂಡಿ ಮುಚ್ಚಿ ಜಗಲಿ ಮೇಲೇ ಇಟ್ಟಿದ್ರು. ಎತ್ಕೊಂಡೋಗಿ ಶೋಕೇಸಲ್ಲಿಟ್ಟೆ."

"ಅವತ್ತು ಕೇಳಿದಾಗ ಯಾಕೆ ಹೇಳಲಿಲ್ಲ?"

"ನೀವು ಒರಗಿನೋರು ಅಂದ್ರಲ್ಲ ಸಾರ್," ಎಂದಳು ಸೊಣ್ಣಮ್ಮ ಗಾಬರಿಯಾಗಿ. "ಅವರು ಚಾಕು ಮಾಡ್ದೋರು."

ಪರಂಗಿಹಣ್ಣು ಹಾಗೇ ಉಳಿಯಿತು. ಠಾಣೆಗೆ ಬಂದು ವೆಂಕಟರಾಮಯ್ಯ ಮೊದಲು ಎ.ಸಿ.ಪಿ. ಸಾಹೇಬರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಏನಯ್ಯಾ ಇದು? ಮಾಲು ನೀನೇ ಇಟ್ಕೊಂಡು ತನಿಖೇನೂ ನೀನೇ ಮಾಡ್ತಿದೀಯಾ?"

"ಹೌದು ಸಾರ್."

"ಆರೋಪೀನ ದಸ್ತಗಿರಿ ಮಾಡಿ ಫೈಲು ಬೇರೆಯವರಿಗೆ ಒಪ್ಪಿಸು. ನೀನು ಇನ್ನು ಮೇಲೆ ಸಾಕ್ಷಿ. ತಿಳೀತಾ?"

ತಿಳಿಯಿತು. ಪಿಳ್ಳಪ್ಪ ಪಂಚರನ್ನು ಕರೆಸಿ, ಇನ್ಸ್‌ಪೆಕ್ಟರ್ ಸಾಹೇಬರು ಹಾಜರುಪಡಿಸಿದ ಚಾಕುವನ್ನು ಜಪ್ತಿ ಪಂಚನಾಮೆಯಲ್ಲಿ ಬರೆದುಕೊಂಡ. ಬರೆಯುವಾಗ ತಲೆ ಎತ್ತಲಿಲ್ಲ. ಅದು ಅವನ ಮರ್ಯಾದೆ. ಉಳಿದ ಮೂರು ಮನೆಗಳಲ್ಲೂ ವಿಚಾರಿಸಿದ್ದಾಯಿತು. ಮೂರರಲ್ಲೂ ಎಣ್ಣೆ ಹಾಕಲು ಅದೇ ಹೆಂಗಸು ಬಂದಿದ್ದಳು. ಮೂರರಲ್ಲೂ ಚಾಕುವನ್ನು ನೆಲಕ್ಕಿಟ್ಟು ಮನೆಯವರು ಒಳಗೆ ಹೋಗಿದ್ದರು.

ಡಿಸೆಂಬರ್ ಹನ್ನೆರಡು, ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಸಿಟಿಯಿಂದ ಕರೆಸಿಕೊಂಡ ಮಹಿಳಾ ಪೇದೆ ಸಂಗವ್ವನನ್ನೂ ಪಿಳ್ಳಪ್ಪನನ್ನೂ ಗಲ್ಲಿಯ ತುದಿಯಲ್ಲೇ ನಿಲ್ಲಿಸಿ ವೆಂಕಟರಾಮಯ್ಯ ಒಬ್ಬನೇ ಗುಲಾಮ್ ರಸೂಲರ ಮನೆಗೆ ನಡೆದ. ಯಾವ ಹೆಸರನ್ನು ಕಾಗದಕ್ಕೆ ತರಬಾರದು ಎಂದುಕೊಂಡಿದ್ದನೋ ಅದೇ ಮನೆಯ ಬಾಗಿಲು.

ಸಾಬರ ಹೆಂಡತಿ ಖುರ್ಷೀದ್ ಬೀ ಗೋಣಿಪರದೆ ಸರಿಸಿ ಹೊರಗೆ ಬಂದರು. ಐವತ್ತು ದಾಟಿದ, ಬಡಕಲು ಮೈಯ ಹೆಂಗಸು. ಅವನ ಮುಖ ನೋಡುತ್ತಲೇ ಬಂದ ಕೆಲಸ ಅರ್ಥವಾಯಿತು.

"ಇಲ್ಲೇ ಮಾತಾಡಿ ಸಾಬ್, ಮೆಲ್ಲಗೆ. ಅವರಿಗೆ ಕೇಳಿಸಬಾರದು."

"ಶೆಟ್ಟಿಹಳ್ಳಿಗೆ ಎಣ್ಣೆ ಹಾಕೋಕೆ ಹೋಗಿದ್ದು ನೀವೇನಾ?"

"ನಾನೇ."

"ಚಾಕು ತಗೊಂಡಿದ್ದು?"

"ನಾನೇ. ನಾಲ್ಕು. ನಿಮ್ಮದೂ ಸೇರಿ."

"ಸಾಬ್ರಿಗೆ ಗೊತ್ತಾ?"

ಅವರು ಪರದೆಯನ್ನು ಒಂದಿಷ್ಟು ಎತ್ತಿ ಹಿಡಿದರು. ಕುಲುಮೆಯಲ್ಲಿ ಬೂದಿ ತಣ್ಣಗಿತ್ತು, ಮೂಲೆಯಲ್ಲಿ ಜೇಡ ಬಲೆ ಕಟ್ಟಿತ್ತು. ರಸೂಲ್ ಸಾಬರು ಗೋಡೆಗೊರಗಿ ಕೂತಿದ್ದರು. ಶಾಲಿನ ಕೆಳಗೆ ಬಲಗೈ ತೊಡೆಯ ಮೇಲೆ ಬಿದ್ದಿತ್ತು. ಎಡಗೈಯಲ್ಲಿ ಅರ ಹಿಡಿದು, ಕಾಲ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡಿದ್ದ ಗೇಣುದ್ದದ ಕಬ್ಬಿಣದ ಪಟ್ಟಿಯನ್ನು ಉಜ್ಜುತ್ತಿದ್ದರು. ನವೆಂಬರಿನಲ್ಲಿ ತಾನು ಬಂದಾಗಲೂ ಇದೇ ಶಾಲು, ಇದೇ ಪಟ್ಟಿ ಇತ್ತೆಂದು ವೆಂಕಟರಾಮಯ್ಯನಿಗೆ ಈಗ ಹೊಳೆಯಿತು. ಅವನ ಕಣ್ಣೆಲ್ಲ ಅವತ್ತು ಮಣೆಯ ಮೇಲಿನ ಚಾಕುವಿನ ಮೇಲಿತ್ತು.

"ರಂಜಾನ್ ತಿಂಗಳಲ್ಲಿ ಲಕ್ವ ಹೊಡೀತು ಸಾಬ್. ಕೈ ಹೋಯ್ತು. ಇವತ್ತು ಯಾವ ದಿನ, ಮನೆಗೆ ಯಾರು ಬಂದಿದಾರೆ, ಎಲ್ಲಾ ಹೋಯ್ತು. ಸರದಿ ಒಂದು ಹೋಗಲಿಲ್ಲ. ದಿನಾ ಬೆಳಿ‌ಗ್ಗೆ ಎದ್ದು ಹೆಸರು ಹೇಳ್ತಾರೆ. ಬಾಕಿ ಇದ್ದಿದ್ದು ಐದು ಹೆಸರು. ಚಾಕು ಯಾರದ್ದು ಹೋಯ್ತು ಅಂತ ಕೇಳ್ತಾರೆ. ಹೋಗಲಿಲ್ಲ ಅಂದ್ರೆ ಊಟ ಬಿಡ್ತಾರೆ. ಜಬಾನ್ ಕೊಟ್ಟಿದೀನಿ, ಮಾತು ಕೊಟ್ಟು ಚಾಕು ಕೊಡದೇ ಹೇಗೆ ತಿನ್ನಲಿ ಅಂತಾರೆ."

"ಬಯಾನಾ ವಾಪಸ್ ಕೊಡಬಹುದಿತ್ತಲ್ಲಮ್ಮ?"

"ಮೊದಲನೆಯವರಿಗೆ ಕೊಟ್ಟೆ. ಅವರು ಮಣೆ ಮೇಲಿಂದ ದುಡ್ಡು ಎತ್ಕೊಂಡು ಹೋಗಿದ್ದನ್ನ ಇವರು ನೋಡಿಬಿಟ್ರು. ಚಾಕು ಎತ್ತಲಿಲ್ಲ, ದುಡ್ಡು ಎತ್ತಿದ ಅಂದ್ರು. ಮೂರು ದಿನ ನೀರು ಸಹ ಮುಟ್ಟಲಿಲ್ಲ ಸಾಬ್. ಸತ್ತೇ ಹೋಗ್ತಾರೆ ಅಂದ್ಕೊಂಡೆ. ಆಮೇಲೆ ಅವರನ್ನ ಹುಡುಕಿ ಕರಕೊಂಡು ಬಂದೆ. ಬಯಾನಾ ಮತ್ತೆ ಇಸ್ಕೊಂಡು ಮಣೆ ಮೇಲೆ ಚಾಕು ಇಟ್ಟೆ, ಎತ್ಕೊಂಡ್ರು. ಅವತ್ತು ಇವರು ಎರಡು ರೊಟ್ಟಿ ತಿಂದ್ರು."

ಅವರ ಕಣ್ಣಲ್ಲಿ ನೀರಿರಲಿಲ್ಲ. ವೆಂಕಟರಾಮಯ್ಯ ಕೇಳಬೇಕಾದ್ದನ್ನು ಕೇಳಲೇಬೇಕಿತ್ತು.

"ಸರ್ದಾರ್ ಮಾರಿದ್ದ ಚಾಕುಗಳನ್ನೇ ಯಾಕೆ?"

"ಅವು ಸರದಿ ಮುರಿದು ಹೋದವು. ಯಾರ್ಯಾರ ಮನೆಗೆ ಮಾರಿದಾನೆ ಅಂತ ಗಲ್ಲಿಗೆಲ್ಲ ಗೊತ್ತು. ಕಾದು ತಗೊಂಡವರದ್ದು ಒಂದನ್ನೂ ಮುಟ್ಟಿಲ್ಲ, ಅಲ್ಲಾನ ಆಣೆ. ಬಯಾನಾ ದುಡ್ಡನ್ನೇ ಆ ಮನೆಗಳಲ್ಲಿ ಇಟ್ಟು ಬಂದೆ. ಕಳ್ಳತನ ಅಂತ ಗೊತ್ತಿತ್ತು ಸಾಬ್. ಗೊತ್ತಿಲ್ಲ ಅನ್ನೋದಿಲ್ಲ."

"ನಾನು ಪೊಲೀಸು ಅಂತಾನೂ ಗೊತ್ತಿತ್ತಲ್ಲ. ಕದ್ದ ಚಾಕು ನನಗೇ ಕೊಟ್ರಲ್ಲಮ್ಮ. ನನ್ನನ್ನ ಬಿಟ್ಟು ಮುಂದಿನವರಿಗೆ ಕೊಡಬಹುದಿತ್ತು. ಹಾಗೆ ಮಾಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಖುರ್ಷೀದ್ ಬೀ ಅವನನ್ನು ವಿಚಿತ್ರವಾಗಿ ನೋಡಿದರು. ಇಷ್ಟು ದೊಡ್ಡ ಅಧಿಕಾರಿ ಇಂಥ ಮಾತು ಕೇಳಬಹುದೇ ಎನ್ನುವ ಹಾಗೆ.

"ನಿಮ್ಮ ಸರದಿ ಬಂದಿತ್ತಲ್ಲ ಸಾಬ್."

ವೆಂಕಟರಾಮಯ್ಯನಿಗೆ ಮುಂದಿನ ಪ್ರಶ್ನೆ ಮರೆತುಹೋಯಿತು. ಬೇರೊಂದನ್ನು ಕೇಳಿದ: "ಐದು ಹೆಸರು ಅಂದ್ರಿ. ನಾಲ್ಕಾಯ್ತು. ಇನ್ನೊಬ್ಬರು ಯಾರು?"

"ಅದಕ್ಕೆ ಕದಿಯೋದು ಬೇಡ," ಎಂದರು ಅವರು.

ಅಷ್ಟರಲ್ಲಿ ಒಳಗೆ ಅರದ ಸದ್ದು ನಿಂತಿತು. ಮುದುಕರು ತೊದಲುತ್ತ ಏನೋ ಎಣಿಸತೊಡಗಿದರು. ಒಂದೊಂದೇ ಹೆಸರು. ಲಾರಿ ಮೆಕ್ಯಾನಿಕ್ ಒಬ್ಬ, ಪೊಲೀಸ್ ಸಾಬ್, ಹೆಬ್ಬಾಳದ ತೋಟದವನು, ಮಸೀದಿ ಹತ್ತಿರದ ದರ್ಜಿ. ಪ್ರತಿ ಹೆಸರಿಗೂ "ಹೋಯ್ತು, ಹೋಯ್ತು" ಎಂದು ತಲೆ ಆಡಿಸಿದರು. ಆಮೇಲೆ ಜೋರಾಗಿ ಕೂಗಿದರು:

"ಖುರ್ಷೀದ್!"

"ಬಂದೆ ರೀ," ಎಂದು ಇವರು ಇಲ್ಲಿಂದಲೇ ಹೇಳಿ, ತಲೆ ತಗ್ಗಿಸಿದರು. "ನಿಕಾಹ್ ಆದ ವರ್ಷ ಮಾತು ಕೊಟ್ಟಿದ್ರು, ಎಲೆ ಅಡಿಕೆಗೆ ನಿನಗೂ ಒಂದು ಚಾಕು ಅಂತ. ಆವಾಗಿಂದ ಯಾರು ಬಂದರೂ, ಮೊದಲು ಅವರದ್ದು ಮಾಡಿ ಅಂತ ನಾನೇ ಹಿಂದೆ ಸರೀತಿದ್ದೆ. ಸರದೀಲಿ ಯಾವಾಗಲೂ ನಂದೇ ಕೊನೇದು."

ಪರದೆಯ ಸಂದಿಯಿಂದ ವೆಂಕಟರಾಮಯ್ಯ ನೋಡಿದ. ಮುದುಕರು ಬಗ್ಗಿ, ಆ ಕಬ್ಬಿಣದ ಪಟ್ಟಿಯನ್ನು ಎಡಗೈಯಿಂದ ಎತ್ತಿ, ಶಾಲಿನ ತುದಿಯಿಂದ ಒರೆಸಿ, ಮಣೆಯ ಮೇಲಿಟ್ಟರು. ಕೀಲಿಲ್ಲ, ಹಿಡಿಯಿಲ್ಲ, ಹರಿತವಿಲ್ಲ. ಇಟ್ಟು ಕೈ ಹಿಂದಕ್ಕೆಳೆದುಕೊಂಡು ಹೆಂಡತಿಗಾಗಿ ಕಾದರು.

ಖುರ್ಷೀದ್ ಬೀ ಇನ್ಸ್‌ಪೆಕ್ಟರನ ಮುಖ ನೋಡಿದರು.

"ಹೋಗಿ ತಗೊಳ್ಳಮ್ಮ," ಎಂದ ಅವನು.

ಅವರು ಒಳಗೆ ಹೋಗಿ ಮಣೆಯ ಮೇಲಿಂದ ಅದನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಅಂಚು ಸವರಿ ನೋಡಿ, "ಚೆನ್ನಾಗಿದೆ. ಬಹಳ ಚೆನ್ನಾಗಿದೆ," ಎಂದರು. ಮುದುಕರ ಮುಖ ಅರಳಿತು. ಹಸಿವಾಗುತ್ತಿದೆ ಎಂದರು.

ಅನ್ನ ಕಲಸಿ ಉಣ್ಣಿಸುವವರೆಗೆ ವೆಂಕಟರಾಮಯ್ಯ ಗಲ್ಲಿಯಲ್ಲಿ ನಿಂತಿದ್ದ. ಪಕ್ಕದ ಮನೆಯ ಮಲ್ಕಾ ಎಂಬಾಕೆ ಬಂದು ಸಾಬರ ಹತ್ತಿರ ಕೂತಳು. ಎಣ್ಣೆ ಹಾಕಿ ಬರುತ್ತೇನೆಂದು ಗಂಡನಿಗೆ ಹೇಳಿ ಖುರ್ಷೀದ್ ಬೀ ಹೊರಬಂದರು. ಮನೆಯಿಂದ ಮರೆಯಾದ ಮೇಲೆ, ಗಲ್ಲಿಯ ತುದಿಯಲ್ಲಿ, ಹನ್ನೊಂದೂವರೆಗೆ ದಸ್ತಗಿರಿ ಆಯಿತು. ಸಂಗವ್ವ ಕೈ ಹಿಡಿಯಲು ಹೋದವಳು ಹಿಡಿಯದೆ ಸುಮ್ಮನೆ ಪಕ್ಕದಲ್ಲಿ ನಡೆದಳು.

ಠಾಣೆಯಲ್ಲಿ ಹೇಳಿಕೆ ಬರೆದು ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾವುದನ್ನೂ ಅವರು ಮುಚ್ಚಿಡಲಿಲ್ಲ. ಫೈಲು ಒಪ್ಪಿಸುವ ಮುಂಚೆ ವೆಂಕಟರಾಮಯ್ಯ ವರದಿಯ ಕೊನೆಗೆ ತನ್ನ ಕೈಯಿಂದಲೇ ಎರಡು ಸಾಲು ಸೇರಿಸಿದ: ಆರೋಪಿತಳು ಯಾವುದೇ ಲಾಭದ ಆಸೆಯಿಂದ ಕೃತ್ಯವೆಸಗಿರುವುದಿಲ್ಲ. ಗಂಡ ಗುಲಾಮ್ ರಸೂಲರು ಕೊಟ್ಟಿದ್ದ ಮಾತು ಅವರ ಕಣ್ಣೆದುರು ಸುಳ್ಳಾಗಬಾರದೆಂದು ಎಸಗಿರುತ್ತಾಳೆ. ಗುಲಾಮ್ ರಸೂಲರ ಹೆಸರು ಕಾಗದಕ್ಕೆ ಬಂದೇ ಬಂತು, ಆದರೆ ಮಾತು ಕೊಟ್ಟವರ ಹೆಸರಾಗಿ ಬಂತು.

ಉಳಿದ ಮೂವರಿಂದ ತರಿಸಿಕೊಂಡವೂ ಸೇರಿ ವಶಪಡಿಸಿಕೊಂಡ ನಾಲ್ಕೂ ಚಾಕುಗಳಿಗೆ ಚೀಟಿ ಕಟ್ಟಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಸಾಬರ ಕೈ ಹೋದ ಸುದ್ದಿ ಆಗಲೇ ಹರಡಿತ್ತು. ಒಂದೊಂದಕ್ಕೆ ಎರಡು ಸಾವಿರ ಕೊಡುತ್ತೇನೆಂದು ಸರ್ದಾರ್ ರಾಮಕೃಷ್ಣಪ್ಪನ ಮನೆಗೆ ಹೇಳಿ ಕಳಿಸಿದ್ದನಂತೆ. ಪಿಳ್ಳಪ್ಪ ಇದನ್ನು ಹೇಳಿ, ಥೂ ಎಂದ.

ಸಂಗವ್ವ ಆರೋಪಿಯ ಅಂಗಶೋಧನೆ ಮುಗಿಸಿ, ಸೆರಗಿನ ಗಂಟಿನಲ್ಲಿ ಸಿಕ್ಕಿದ್ದನ್ನು ತಂದಿಟ್ಟಳು. ಪಿಳ್ಳಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನಂತ ಬರೀಲಿ ಸಾರ್? ಕಬ್ಬಿಣದ ತುಂಡು ಅಂತಾನಾ?"

"ಚಾಕು, ಒಂದು ಅಂತ ಬರೀರಿ. ಗುಲಾಮ್ ರಸೂಲ್ ಅವರು ತಯಾರಿಸಿದ್ದು. ಕಳವಿನ ಮಾಲಲ್ಲ, ಆರೋಪಿತಳ ಸ್ವಂತದ್ದು."

"ಕಿಮ್ಮತ್ತು?"

ವೆಂಕಟರಾಮಯ್ಯ ಬೆಂಚಿನ ಮೇಲೆ ಕೂತಿದ್ದ ಖುರ್ಷೀದ್ ಬೀ ಕಡೆ ನೋಡಿದ. ಅವರು ಗೋಡೆಯ ಗಡಿಯಾರ ನೋಡುತ್ತಿದ್ದರು. ರಾತ್ರಿ ಊಟಕ್ಕೆ ಮುದುಕರು ಮಲ್ಕಾಳ ಕೈಯಿಂದ ತಿನ್ನುತ್ತಾರೋ ಇಲ್ಲವೋ ಎಂಬ ಚಿಂತೆ ಇರಬೇಕು.

"ಅದು ಮಾರೋದಲ್ಲ," ಎಂದ ಅವನು. ಪಿಳ್ಳಪ್ಪ ಹಾಗೆಂದೇ ಬರೆದು, ಸಹಿಗೆ ಮುಂದೆ ಇಟ್ಟ.